ಕಟ್ಟಿನ ಗಿಡದ ಮೊಗ್ಗು

“ಮೊಗ್ಗು ಕಂಡ್ರೆ ಚಿವುಟಬೇಕು ಬುದ್ಧಿ. ಅರಳಕ್ಕೆ ಬಿಡಬಾರ್ದು,” ಎಂದಳು ತಿಮ್ಮಕ್ಕ. ಇಷ್ಟು ಹೇಳುವುದಕ್ಕೆ ಅವಳು ತೋಟದ ಬಾಗಿಲು ದಾಟಿ ಹೊರಗೆ ಬಂದು, ಬಾಯಿ ತುಂಬ ಇಟ್ಟುಕೊಂಡಿದ್ದ ನೀರನ್ನು ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಳ್ಳಬೇಕಾಯಿತು. ಒಳಗಿದ್ದಷ್ಟು ಹೊತ್ತೂ ಶಿವಮೂರ್ತಪ್ಪ ಕೇಳಿದ ಒಂದು ಪ್ರಶ್ನೆಗೂ ಅವಳು ಉತ್ತರ ಕೊಟ್ಟಿರಲಿಲ್ಲ. ಮುದುಕಿ ಕಿವುಡಿಯೋ ಮೂಗಿಯೋ ಎಂದುಕೊಂಡು ಅವನು ಸುಮ್ಮನೆ ನಿಂತು ನೋಡಿದ್ದ. ಅವಳ ಮೊರದಲ್ಲಿ ಕಡಲೆಕಾಳಿನ ಗಾತ್ರದ ಹಸಿರು ಮೊಗ್ಗುಗಳು ಒಂದು ಹಿಡಿಯಷ್ಟಿದ್ದವು.

ಅಂದು ಕಾರ್ತಿಕದ ಅಮಾವಾಸ್ಯೆ, ನಡುಮಧ್ಯಾಹ್ನ. ಮರಾಮತ್ತು ಇಲಾಖೆಯ ಓವರ್ಸಿಯರ್ ಶಿವಮೂರ್ತಪ್ಪ ಬುಕ್ಕಾಂಬುಧಿಗೆ ಬಂದು ಎಂಟು ದಿನವಾಗಿತ್ತು. ಕೆರೆಯ ಏರಿ ಒಂದು ಕಡೆ ಕುಸಿದಿತ್ತು, ತೂಬು ಸೋರುತ್ತಿತ್ತು; ಅದನ್ನು ಸರಿಪಡಿಸುವವರೆಗೆ ಅವನು ಊರಾಚೆಯ ಹಳೆಯ ಸರ್ಕಾರಿ ಬಿಡಾರದಲ್ಲಿರಬೇಕಿತ್ತು. ಬಿಡಾರದ ಹಿತ್ತಲಿಗೆ ಅಂಟಿಕೊಂಡಂತೆ ಈ ತೋಟ. ನಾಲ್ಕೂ ಕಡೆ ಎರಡಾಳೆತ್ತರದ ಕಲ್ಲುಗೋಡೆ, ಒಂದೇ ಬಾಗಿಲು. ಅಜ್ಜಂಪುರದ ಬಯಲಿನ ಒಣಗಾಳಿ ಹೊರಗೆ ಎಷ್ಟೇ ಅಬ್ಬರಿಸಿದರೂ ಒಳಗೆ ಒಂದು ಎಲೆ ಅಲುಗುತ್ತಿರಲಿಲ್ಲ. ಅಲುಗುವುದಕ್ಕೆ ಇದ್ದದ್ದಾದರೂ ಒಂದೇ ಗಿಡ. ಆಳೆತ್ತರದ ಪೊದೆ, ಎಣ್ಣೆ ಸವರಿದಂತೆ ಮಿರುಗುವ ದಪ್ಪ ಕಡುಹಸಿರು ಎಲೆಗಳು. ಅದರ ಬುಡದಲ್ಲಿ ಹಗಲಲ್ಲೂ ಕಣ್ಣಿಗೆ ಏನೂ ಕಾಣದಷ್ಟು ಕತ್ತಲು.

“ಇದ್ರಡಿ ಒಬ್ಬನ್ನ ಕಟ್ಟವ್ರೆ,” ಎಂದಳು ತಿಮ್ಮಕ್ಕ, ದನಿ ತಗ್ಗಿಸಿ. “ನಮ್ಮಜ್ಜಿ ಅತ್ತೆ ಕಾಲದ ಮಾತು. ಮಾಟ ಮಾಡೋನಂತೆ. ಯಾರ ಮನೇಲಿ ನಗು ಕೇಳಿದ್ರೆ ಆ ಮನೆ ತೊಟ್ಲ ಕೂಸಿಗೆ ಮಾಡ್ತಿದ್ನಂತೆ. ಬೆಟ್ಟದಿಂದ ಬಂದ ಒಬ್ರು ಅಯ್ಯನೋರು ಅವನ್ನ ಇಲ್ಲಿ ಕಟ್ಟಿ, ಕೆಮ್ಮಣ್ಣುಗುಂಡಿ ಮೇಲಿಂದ ಈ ಗಿಡ ತಂದು ನೆಟ್ರು. ಗಡುವು ಇಲ್ದೆ ಕಟ್ಟು ನಿಲ್ಲಲ್ವಂತೆ. ಗಿಡ ಅರಳಿದ ದಿನ ನಿಂಗೆ ಬಿಡುಗಡೆ ಅಂತ ಗಡುವು ಹೇಳಿದ್ರು. ಚಳಿ ಬೆಟ್ಟದ ಗಿಡ, ನಮ್ಮ ಬಿಸ್ಲಲ್ಲಿ ಎಲ್ಲಿ ಅರಳ್ತದೆ ಅಂತ. ಗೋಡೆ ಒಳಗೆ ತಂಪು ನೋಡಿ, ಮೊಗ್ಗು ಕಚ್ಚೇಬಿಡ್ತು. ಅವತ್ತಿಂದ ಅಮಾಸೆ ಅಮಾಸೆಗೂ ನಮ್ಮನೆ ಹೆಂಗಸ್ರು ಚಿವುಟ್ತಾ ಬಂದೀವಿ.”

“ಅಷ್ಟು ಹೆದರಿಕೆ ಇದ್ದರೆ ಕಡಿದು ಹಾಕಬಹುದಿತ್ತಲ್ಲ?”

“ಗಿಡ ಸತ್ರೆ ಕಟ್ಟೂ ಸಾಯ್ತದೆ, ಬುದ್ಧಿ.”

“ಬಾಯಲ್ಲಿ ನೀರು ಯಾಕೆ?”

“ಒಳಗೆ ಮಾತಾಡಬಾರ್ದು. ಆಡಿದ್ದನ್ನ ಅವನು ಇಟ್ಕತಾನೆ. ಬಾಯಿ ತಪ್ಪಿ ಒಂದು ಮಾತು ಬರದಿರ್ಲಿ ಅಂತ ನೀರು.”

ಶಿವಮೂರ್ತಪ್ಪ ಹದಿನೈದು ವರ್ಷ ಕೆರೆ ಕಟ್ಟೆ ಸುತ್ತಿದವನು. ಕೋಡಿಗೆ ಬಲಿ ಕೊಟ್ಟ ಕತೆ, ತೂಬಿನಲ್ಲಿ ಕೂತ ಗಾಳಿಯ ಕತೆ ಕೇಳಿ ಕೇಳಿ ಅವನ ಕಿವಿ ತೂತು ಬಿದ್ದಿತ್ತು. ಈ ಕೆಲಸಕ್ಕೆ ನಿಮ್ಮ ಮನೆಗೆ ಭೂಮಿ ಬಿಟ್ಟಿದ್ದಾರೆಯೇ ಎಂದು ಕೇಳಿದ. ಏರಿಯ ಕೆಳಗೆ ಎರಡೆಕರೆ ಮಾನ್ಯವಿದೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

“ಹಾಗೆ ಹೇಳಮ್ಮ,” ಎಂದು ಅವನು ನಕ್ಕ. “ಎರಡೆಕರೆ ಗದ್ದೆ ಉಳೀಬೇಕಾದರೆ ಮಾಟಗಾರ ಗಿಡದಡಿಯಲ್ಲಿ ಇರಲೇಬೇಕು.”

ತಿಮ್ಮಕ್ಕ ಕೋಪ ಮಾಡಿಕೊಳ್ಳಲಿಲ್ಲ. ಮೊರವನ್ನು ಸೊಂಟಕ್ಕೆ ಒತ್ತಿಕೊಂಡು ಹೊರಟುಹೋದಳು.

ಶಿವಮೂರ್ತಪ್ಪ ಕೆಟ್ಟವನಲ್ಲ, ಒಂಟಿ. ಆರು ವರ್ಷದ ಹಿಂದೆ ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಮೂರು ವರ್ಷದ ಮಗಳನ್ನು ಅತ್ತೆ ತೀರ್ಥಮ್ಮ ಕಡೂರಿಗೆ ಕರೆದೊಯ್ದಿದ್ದಳು. ಊರೂರು ಅಲೆಯುವ ಗಂಡಸಿನ ಬಿಡಾರದಲ್ಲಿ ಹೆಣ್ಣುಮಗು ಬೆಳೆಯುವುದುಂಟೇ ಎಂದಿದ್ದಳು. ಅಂದಿನಿಂದ ಬೆಳಿಗ್ಗೆ ಮಾಡಿದ ಅಡುಗೆಯನ್ನೇ ಸಂಜೆಗೂ ಉಣ್ಣುತ್ತ, ಗೋಡೆ ನೋಡುತ್ತ ಮಲಗುತ್ತ ದಿನ ತಳ್ಳಿದ್ದ. ಹೋದ ಹೋದಲ್ಲಿ ಏನಾದರೊಂದು ಗಿಡ ನೆಡುತ್ತಿದ್ದ. ಅದು ಹೂ ಬಿಡುವಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿರುತ್ತಿತ್ತು. ಈಗ ತೀರ್ಥಮ್ಮನಿಗೆ ಕಣ್ಣು ಮಂಜಾಗಿತ್ತು. ಶಿವರಾತ್ರಿ ಕಳೆದ ಮೇಲೆ ಮಗಳು ಮಲ್ಲಿಕಾಂಬಳನ್ನು ನಿನ್ನಲ್ಲಿಗೇ ಕಳಿಸುತ್ತೇನೆ, ಇನ್ನು ನೀನೇ ನೋಡಿಕೋ ಎಂದು ಬರೆಸಿದ್ದಳು. ಆ ಕಾಗದವನ್ನು ಅವನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ.

ಗಿಡದ ಎರಡು ಎಲೆಗಳನ್ನು ಬೆಂಗಳೂರಿನ ಸರ್ಕಾರಿ ತೋಟಕ್ಕೆ ಅಂಚೆಯಲ್ಲಿ ಕಳಿಸಿ ಇದು ಯಾವ ಜಾತಿ ಎಂದು ಕೇಳಿದ. ಹೂ ನೋಡದೆ ಹೆಸರು ಹೇಳಲಾಗದು, ಅರಳಿದ ಹೂವೊಂದನ್ನು ಕಾಗದದ ನಡುವೆ ಒತ್ತಿ ಕಳಿಸಿ ಎಂದು ಉತ್ತರ ಬಂತು. ಅವನಿಗೆ ಹುಮ್ಮಸ್ಸು ಹತ್ತಿತು. ಯಾರೂ ಹೂ ನೋಡದ ಗಿಡವೊಂದು ಇಲ್ಲಿದೆ, ಮೊದಲು ನೋಡುವವಳು ನೀನೇ ಎಂದು ಮಗಳಿಗೆ ಬರೆದ. ದಪ್ಪ ಅಕ್ಷರದಲ್ಲಿ ಅವಳ ಕಾರ್ಡು ಬಂತು: ‘ಅಪ್ಪ, ನಾನು ಬರುವ ತನಕ ಹೂವು ಉದುರದ ಹಾಗೆ ನೋಡಿಕೊ.’ ಮಗಳು ಅವನಿಗೆ ಬರೆದ ಮೊದಲ ಮಾತು ಅದು.

ಮಾರ್ಗಶಿರದ ಅಮಾವಾಸ್ಯೆಯಂದು ತಿಮ್ಮಕ್ಕ ಬಂದಾಗ ತೋಟದ ಬಾಗಿಲಿಗೆ ಬೀಗ ಬಿದ್ದಿತ್ತು. ಅವಳು ಬಾಯಲ್ಲಿ ನೀರು ತುಂಬಿಕೊಂಡು ತುಸು ಹೊತ್ತು ಬೀಗವನ್ನೇ ನೋಡಿದಳು. ಆಮೇಲೆ ಉಗುಳಿದಳು.

“ಒಂದು ಮಾತು ಅವತ್ತು ಹೇಳ್ಲಿಲ್ಲ ನಾನು,” ಎಂದಳು. “ಕಟ್ಟು ಬರಿದಾಗಿರಲ್ಲ. ಅವನು ಹೊರಕ್ಕೆ ಬಂದ್ರೆ, ಅರಳಿಸ್ದೋರು ಒಳಕ್ಕೆ.”

“ಇದು ಸರ್ಕಾರಿ ಜಾಗ ತಿಮ್ಮಕ್ಕ. ಇನ್ನೊಂದು ಸಲ ಮೊರ ಹಿಡ್ಕೊಂಡು ಬಂದರೆ ಅಮಲ್ದಾರರಿಗೆ ಬರೀತೀನಿ. ಮಾನ್ಯದ ವಿಷಯನೂ ಸೇರಿಸಿ ಬರೀತೀನಿ.”

ಬಡವರ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು. ಅಂಥ ಮಾತು ಆಡಿದ್ದಕ್ಕೆ ಅವನಿಗೇ ಸ್ವಲ್ಪ ನಾಚಿಕೆಯಾಯಿತು, ಆದರೆ ಬೀಗ ತೆಗೆಯಲಿಲ್ಲ.

ಪುಷ್ಯದ ಚಳಿಯಲ್ಲಿ ಮೊಗ್ಗುಗಳು ದುಂಡಗಾದವು. ಶಿವಮೂರ್ತಪ್ಪ ಅವಕ್ಕೆ ಬಾಣಂತಿಗೆ ಮಾಡುವಷ್ಟು ಉಪಚಾರ ಮಾಡಿದ. ಕೆರೆಯಂಗಳದ ಗೋಡುಮಣ್ಣು ಹೊರಿಸಿ ಬುಡಕ್ಕೆ ಹಾಕಿಸಿದ. ಪಡುವಣ ಬಿಸಿಲು ತಾಗದಂತೆ ತೆಂಗಿನಗರಿಯ ತಟ್ಟಿ ನಿಲ್ಲಿಸಿದ. ತಳದಲ್ಲಿ ಸಣ್ಣ ತೂತಿನ ಮಡಕೆ ಇಟ್ಟು ಹನಿ ಹನಿ ನೀರು ಬಿಟ್ಟ. ಕೆಲಸ ಮುಗಿಸಿ ಬಂದವನು ಕೋಟು ಕಳಚಿ ಗೋಡೆಯ ಗೂಟಕ್ಕೆ ಹಾಕಿ, ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಕೂತವನು ಮಾತಾಡುತ್ತಿದ್ದ. ತಿಮ್ಮಕ್ಕ ಬೇಡವೆಂದಿದ್ದಕ್ಕೇ ಮೊದಲು ಹಟಕ್ಕೆ ಒಂದೆರಡು ಮಾತಾಡಿದ್ದು, ಆಮೇಲೆ ಬಿಡಲಾಗಲಿಲ್ಲ. ದಿನವಿಡೀ ಮಣ್ಣು, ಕಲ್ಲು, ಕೂಲಿಯ ಲೆಕ್ಕ ಬಿಟ್ಟರೆ ಅವನ ಜೊತೆ ಯಾರಿಗೂ ಬೇರೆ ಮಾತಿರಲಿಲ್ಲ. ಇಲ್ಲಿ ಹೆಂಡತಿಯ ಕಡೆಯ ದಿನ ಹೇಳಿಕೊಂಡ. ಮಗಳ ಕಾರ್ಡನ್ನು ಗಟ್ಟಿಯಾಗಿ ಓದಿದ. ಅವಳು ಗಾಡಿಯಿಂದ ಇಳಿದಾಗ ಏನನ್ನಬೇಕೆಂದು ಅಭ್ಯಾಸ ಮಾಡಿದ, ಏಕೆಂದರೆ ಅವಳಿಗೆ ತನ್ನ ಗುರುತೇ ಇರಲಿಕ್ಕಿಲ್ಲವೆಂಬ ಭಯ ಅವನನ್ನು ತಿನ್ನುತ್ತಿತ್ತು. “ಬಾರೆ ನನ್ನ ಮಲ್ಲಿ. ಅಪ್ಪ ಕಣೇ ನಾನು. ಎಷ್ಟು ಎತ್ತರ ಆಗಿದ್ದೀಯ.” ಹತ್ತು ಸಲ, ಇಪ್ಪತ್ತು ಸಲ, ಬೇರೆ ಬೇರೆ ಧಾಟಿಯಲ್ಲಿ.

ಮಾಘ ಬಂದ ಹಾಗೆ ತೋಟದಲ್ಲಿ ಒಂದು ವಾಸನೆ ಎದ್ದಿತು. ಹಾಲು ಉಕ್ಕಿ ಕೆಂಡಕ್ಕೆ ಬಿದ್ದು ಸೀದ ವಾಸನೆ. ಅಷ್ಟು ಮೊಗ್ಗಿದ್ದರೂ ಒಂದು ಜೇನು ಅತ್ತ ಸುಳಿಯಲಿಲ್ಲ. ಗಾಳಿ ಸತ್ತುಹೋದ ಆ ಗೋಡೆಗಳ ನಡುವೆ ಒಂದೇ ಒಂದು ಎಲೆ, ಪೊದೆಯ ನಡುವಿನ ಎಲೆ, ಒಮ್ಮೊಮ್ಮೆ ಮೆಲ್ಲಗೆ ಅಲುಗುತ್ತಿತ್ತು, ಅದರ ಹಿಂದೆ ಯಾರೋ ಉಸಿರು ಬಿಟ್ಟ ಹಾಗೆ. ಅವನು ಮಾತು ನಿಲ್ಲಿಸಿದ ಮೇಲೂ ಮಾತು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಎತ್ತರದ ಗೋಡೆ, ಮಾರ್ದನಿ ಸಹಜ ಎಂದುಕೊಂಡ. ಅವನ ಗಂಟಲು ದಿನೇ ದಿನೇ ಕಟ್ಟುತ್ತ ಬಂತು. ಏರಿಯ ಮೇಲೆ ಕೂಗಿದರೆ ಆಳುಗಳು ತಿರುಗಿ ನೋಡುತ್ತಿರಲಿಲ್ಲ. ಎರಡೆರಡು ಸಲ ಹೆಸರು ಹಿಡಿದು ಕರೆಯಬೇಕಾಗುತ್ತಿತ್ತು.

ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರಗಂಟಿ ಬೀರಯ್ಯ ತಿಮ್ಮಕ್ಕನ ಮಗ. ಶಿವರಾತ್ರಿಯ ಹಿಂದಿನ ದಿನ ಅವನು ತೂಬಿನ ಬಳಿ ಕೈಕಟ್ಟಿ ನಿಂತ.

“ಸ್ವಾಮೇರು ನಿನ್ನೆ ಸಂಜೆ ತೋಟದಾಗೆ ಮಾತಾಡ್ತಿದ್ರಿ.”

“ಹೌದು, ಒಬ್ಬನೇ. ನನಗೆ ಅಭ್ಯಾಸ.”

“ಒಬ್ರಲ್ಲ ಸ್ವಾಮಿ. ಇಬ್ರ ದನಿ ಕೇಳ್ತು. ಒಬ್ರು ಮಾತಾಡಿದ್ ಮೇಲೆ ಇನ್ನೊಬ್ರು.” ಬೀರಯ್ಯ ನೆಲ ನೋಡಿದ. “ಎರಡೂ ನಿಮ್ ದನೀನೇ.”

ಶಿವಮೂರ್ತಪ್ಪ ಅವನನ್ನು ಕೆಲಸಕ್ಕೆ ಅಟ್ಟಿದ. ಅಂದು ಸಂಜೆ ತೋಟಕ್ಕೆ ಹೋದವನು ಬಾಯಿ ಬಿಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಮೊಗ್ಗು ಅವನ ಎದೆಮಟ್ಟಕ್ಕೆ ಬಾಗಿತ್ತು, ನಿಂಬೆಯಷ್ಟು ದಪ್ಪ, ತುದಿಯಲ್ಲಿ ಬಿಳಿಯ ಗೆರೆ. ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದ. ಬೆಚ್ಚಗಿತ್ತು. ಚಿವುಟಿಬಿಡು, ಏನು ಗಂಟು ಹೋಗುತ್ತದೆ ಎಂದು ಒಳಗಿನಿಂದ ಯಾವುದೋ ಬುದ್ಧಿ ಹೇಳಿತು. ಉಗುರು ಊರಿದ. ಆಗ ಮಗಳ ದಪ್ಪ ಅಕ್ಷರಗಳು ಕಣ್ಣ ಮುಂದೆ ಬಂದವು. ಮೂರೇ ದಿನಕ್ಕೆ ಬರುತ್ತಾಳೆ, ಬಂದವಳೇ ಹೂವೆಲ್ಲಿ ಎನ್ನುತ್ತಾಳೆ, ಮುದುಕಿಯ ಮಾತಿಗೆ ಹೆದರಿ ಚಿವುಟಿದೆ ಎಂದು ಹೇಳುವುದೇ? ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅಮಾವಾಸ್ಯೆಯ ದಿನ ಪ್ರಯಾಣ ಬೇಡವೆಂದು ಅವನ ಭಾವಮೈದುನ ತೀರ್ಥಪ್ಪ ಮಾರನೆಯ ದಿನ ಪಾಡ್ಯಕ್ಕೆ ಮಗುವನ್ನು ಕರೆತರುವವನಿದ್ದ. ಅಮಾವಾಸ್ಯೆಯಂದು ಏರಿಯ ಕೆಲಸಕ್ಕೂ ರಜೆ. ಶಿವಮೂರ್ತಪ್ಪ ಬಿಡಾರ ಗುಡಿಸಿದ, ಮಗಳಿಗೆಂದು ತಂದ ಹೊಸ ಚಾಪೆ ಬಿಸಿಲಿಗೆ ಹಾಕಿದ. ಮಧ್ಯಾಹ್ನ ಗಿಡಕ್ಕೆ ನೀರು ಬಿಡಲು ತೋಟಕ್ಕೆ ಹೋದ. ಕೋಟು ಗೂಟಕ್ಕೆ ಹಾಕಿದ. ಕೊಡ ಎತ್ತಿಕೊಂಡ.

ಸೀದ ಹಾಲಿನ ವಾಸನೆ ಇರಲಿಲ್ಲ. ಯಾವ ವಾಸನೆಯೂ ಇರಲಿಲ್ಲ. ಹೊರಗೆ ಬೀಸುತ್ತಿದ್ದ ಗಾಳಿಯ ಸದ್ದು ನಿಂತಿತ್ತು. ಸೂರ್ಯ ನೆತ್ತಿಯ ಮೇಲಿದ್ದ.

ದೊಡ್ಡ ಮೊಗ್ಗು ನಡುಗಿತು. ಬಿಳಿಯ ಗೆರೆ ಅಗಲವಾಯಿತು. ಒಂದು ಎಸಳು ಬಿಚ್ಚಿತು. ಇನ್ನೊಂದು. ದಪ್ಪನೆಯ, ಬಿಳಿಚಿಕೊಂಡ ಎಸಳುಗಳು, ಬಹಳ ಹೊತ್ತು ನೀರಲ್ಲಿದ್ದ ಅಂಗೈಯ ಬಣ್ಣ. ಅವನು ಅದರ ಚೆಂದಕ್ಕೆ ಬೆರಗಾಗಿ ನಿಂತ. ಅದು ನಿಜವಾಗಿ ಚೆಂದವಿತ್ತು. ಕಡೆಯ ಎಸಳು ಬಿಚ್ಚಿದಾಗ ಪೊದೆಯೊಳಗಿಂದ ಉದ್ದನೆಯ ಉಸಿರೊಂದು ಹೊರಬಿತ್ತು.

ಅವನ ಹಿಂದೆ ಯಾರೋ ಕೆಮ್ಮಿದರು. ಅವನದೇ ಕೆಮ್ಮು.

ತಿರುಗಿದ. ಗೂಟದಿಂದ ಕೋಟು ಇಳಿಯುತ್ತಿತ್ತು. ಒಂದು ತೋಳು ತುಂಬಿತು. ಇನ್ನೊಂದು ತೋಳು ತುಂಬಿತು. ಕೊರಳು ಬಂತು. ಅವನ ನರೆತ ಕುರುಚಲು ಬಂತು. ಅದು ಗುಂಡಿ ಹಾಕಿಕೊಂಡಿತು. ಮೇಲಿಂದ ಕೆಳಕ್ಕೆ, ಅವನು ಹಾಕಿಕೊಳ್ಳುವ ಹಾಗೆಯೇ. ಅವನತ್ತ ನೋಡಲೂ ಇಲ್ಲ. ಬಾಗಿಲು ತೆರೆದು ಹೊರಗೆ ಕಾಲಿಟ್ಟಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿತು. ನಡೆದುಹೋಯಿತು.

ಶಿವಮೂರ್ತಪ್ಪ ಓಡಿದ. ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಿಗೆ ಮೂರು ಹೆಜ್ಜೆ. ಮೂರು ಹೆಜ್ಜೆ ಇಟ್ಟ. ಇನ್ನೂ ಮೂರು ಹೆಜ್ಜೆ. ಮತ್ತೆ ಇಟ್ಟ. ಆಚೆ ಬಿಡಾರದ ಹಿತ್ತಲು, ಒಣಹಾಕಿದ ಚಾಪೆ, ದೂರದಲ್ಲಿ ಕೆರೆಯ ಏರಿ, ಎಲ್ಲ ಕಾಣುತ್ತಿತ್ತು. ಮೂರೇ ಹೆಜ್ಜೆ. ಗಂಟಲು ಹರಿಯುವಂತೆ ಕೂಗಿದ. ತನ್ನ ದನಿ ತನಗೇ ಕೇಳಿಸಲಿಲ್ಲ.

ಹೊತ್ತು ಇಳಿಯುವ ಮುಂಚೆ ತಿಮ್ಮಕ್ಕ ಬಂದಳು. ಏರಿಯ ಮೇಲೆ ಓವರ್ಸಿಯರು ಬರಿಗಾಲಲ್ಲಿ, ಯಾರನ್ನೂ ಮಾತಾಡಿಸದೆ, ಬಾಯಿ ತೆರೆದು ಗಾಳಿ ಕುಡಿಯುತ್ತ ನಿಂತದ್ದನ್ನು ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತು. ಬಾಯಿ ತುಂಬ ನೀರು, ಸೊಂಟದಲ್ಲಿ ಮೊರ. ಹೊಸ್ತಿಲು ದಾಟಿ ಸಲೀಸಾಗಿ ಒಳಗೆ ಬಂದಳು. ಶಿವಮೂರ್ತಪ್ಪ ಅವಳ ಕಾಲಿಗೆ ಬಿದ್ದ. ಅವಳ ಕಾಲು ಅವನ ಕೈಯ ನಡುವೆ ಹಾದು ಹೋಯಿತು. ಅರಳಿದ ಹೂವನ್ನು ಅವಳು ತೊಟ್ಟು ಸಮೇತ ಕಿತ್ತು ಮೊರಕ್ಕೆ ಹಾಕಿದಳು. ಆಮೇಲೆ ಮೊಗ್ಗುಗಳನ್ನು ಹುಡುಕತೊಡಗಿದಳು.

ಆಗ ಅವನಿಗೆ ಹೊಳೆಯಿತು. ಗಡುವು ಈಗ ಅವನದು. ಇನ್ನೊಂದು ಮೊಗ್ಗು ಅರಳಿದರೆ ಅವನಿಗೆ ಬಿಡುಗಡೆ, ಅದನ್ನು ಅರಳಗೊಟ್ಟವರು ಒಳಕ್ಕೆ.

“ಒಂದು ಬಿಡಮ್ಮ,” ಎಂದ. “ತಿಮ್ಮಕ್ಕ, ಒಂದೇ ಒಂದು ಮೊಗ್ಗು ಬಿಡು. ನಾಳೆ ನನ್ನ ಮಗಳು ಬರ್ತಾಳೆ.”

ಅವಳ ಕೈ ನಿಂತಿತು. ಅವಳಿಗೆ ಕೇಳಿಸಿತ್ತು. ಮುಖ ಮುದುಡಿ ಕಣ್ಣಿನಿಂದ ನೀರು ಇಳಿಯಿತು, ಆದರೆ ಬಾಯಿ ಬಿಗಿದೇ ಇತ್ತು. ಆ ಮನೆಯ ಹೆಂಗಸರು ಗಿಡದಡಿಯಿಂದ ಬರುವ ಇಂಥ ಬೇಡಿಕೆಗಳನ್ನು ಕೇಳಿಕೊಂಡೇ ಬದುಕಿದವರು. ಒಂದೂ ಉಳಿಯದ ಹಾಗೆ ಕೊಂಬೆ ಕೊಂಬೆ ತಡವಿ ಚಿವುಟಿದಳು. ಹೊರಗೆ ಹೋಗಿ ಬಾಗಿಲು ಎಳೆದು ಅಗುಳಿ ಹಾಕಿದಳು.

ಬೆಳಗಾಗುವ ತನಕ ಅವನು ಬಾಗಿಲ ಹಲಗೆಗಳ ಸಂದಿಗೆ ಕಣ್ಣು ಹಚ್ಚಿ ಕೂತಿದ್ದ. ಈಗ ಮೂರು ಹೆಜ್ಜೆ ಇರಲಿಲ್ಲ; ಮುಚ್ಚಿದ ಬಾಗಿಲ ತನಕ ಅವನನ್ನು ಯಾರೂ ತಡೆಯಲಿಲ್ಲ.

ಹೊತ್ತೇರುವಾಗ ಅಜ್ಜಂಪುರದ ದಾರಿಯಿಂದ ಗಾಡಿ ಬಂತು. ಏರಿಯ ತುದಿಯಲ್ಲಿ ಬೀರಯ್ಯ ಅಡ್ಡ ನಿಂತು ತೀರ್ಥಪ್ಪನಿಗೆ ಏನೋ ಹೇಳುತ್ತಿದ್ದ, ಕೈ ಮುಗಿಯುತ್ತಿದ್ದ, ಗಾಡಿಯನ್ನು ಹಿಂದಕ್ಕೆ ತಿರುಗಿಸಿ ಎಂದು ಸನ್ನೆ ಮಾಡುತ್ತಿದ್ದ. ಬಿಡಾರದ ಜಗಲಿಯಿಂದ ಶಿವಮೂರ್ತಪ್ಪನ ಕೋಟು ಇಳಿದು ಬಂತು.

“ಬೀರಯ್ಯ, ತೂಬಿನ ಹತ್ರ ನಿಂಗೆ ಕೆಲಸ ಇಲ್ವೇನಯ್ಯ?” ಎಂದಿತು. ಬೀರಯ್ಯ ಒಂದು ಸಲ ತೋಟದ ಗೋಡೆಯತ್ತ ನೋಡಿ, ದಾರಿ ಬಿಟ್ಟ. ಗಾಡಿ ಬಿಡಾರದ ಪಕ್ಕಕ್ಕೆ ಬಂದು ನಿಂತಿತು.

“ಏನು ಭಾವ, ಹಿಂಗೆ ಸೊರಗಿಬಿಟ್ಟಿದ್ದೀರ?” ಎಂದ ತೀರ್ಥಪ್ಪ.

“ಒಬ್ಬನೇ ಇದ್ದೆನಲ್ಲಪ್ಪ. ಬಹಳ ದಿನ ಆಗಿತ್ತು.”

ಗಾಡಿಯ ಹಿಂದಿನಿಂದ ಹುಡುಗಿ ಇಳಿದಳು. ಎರಡು ಜಡೆ, ಉದ್ದವಾದ ಹೊಸ ಲಂಗ. ತಾಯಿಯದೇ ಹಣೆ. ಮಾವನ ಪಂಚೆ ಹಿಡಿದು ಹಿಂದೆ ಸರಿದು ನಿಂತಳು. ಆರು ವರ್ಷ ನೋಡದ ಅಪ್ಪನ ಮುಖವನ್ನು ಅನುಮಾನದಿಂದ ನೋಡಿದಳು. ಸಂದಿಯ ಹಿಂದೆ ಶಿವಮೂರ್ತಪ್ಪ ಹಲಗೆಗೆ ಅಂಗೈ ಒತ್ತಿದ. ಹೆದರು ಮಗಳೇ, ಎಂದ. ಗುರುತು ಸಿಗಲಿಲ್ಲ ಅನ್ನು. ಮಾವನ ಕೈ ಬಿಡಬೇಡ.

ಅದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಿತು. “ಬಾರೆ ನನ್ನ ಮಲ್ಲಿ,” ಎಂದಿತು, ಮೆತ್ತಗೆ, ಅವನು ಇಪ್ಪತ್ತು ಸಲ ಆಡಿದ ಧಾಟಿಗಳಲ್ಲಿ ಎಲ್ಲಕ್ಕಿಂತ ಚೆನ್ನಾದ ಧಾಟಿಯಲ್ಲಿ. “ಅಪ್ಪ ಕಣೇ ನಾನು. ಎಷ್ಟು ಎತ್ತರ ಆಗಿದ್ದೀಯ.”

ಹುಡುಗಿಯ ಮುಖ ಸಡಿಲವಾಯಿತು. “ಹೂವೆಲ್ಲಿ ಅಪ್ಪ?” ಎಂದು ಕೇಳಿದಳು.

“ಇಲ್ಲಿದ್ದುದು ಮುಗೀತಮ್ಮ. ಬೇರೆ ಊರಲ್ಲಿ ಬೇಕಾದಷ್ಟಿದೆ, ತೋರಿಸ್ತೀನಿ.” ಅದು ತೀರ್ಥಪ್ಪನತ್ತ ತಿರುಗಿತು. “ನಂಗೆ ತರೀಕೆರೆ ಕಡೆ ವರ್ಗ ಆಗಿದೆ. ಗಾಡಿ ಹೆಂಗೂ ಇದೆ, ಈಗ್ಲೇ ಹೊರಟುಬಿಡಾಣ. ಈ ಜಾಗದಲ್ಲಿ ಮಗು ಇರೋದು ಬೇಡ.”

ಪೆಟ್ಟಿಗೆ ಇಳಿಸುವ ಕೆಲಸವೂ ಇರಲಿಲ್ಲ. ಗಾಡಿ ತಿರುಗಿತು. ಶಿವಮೂರ್ತಪ್ಪ ಹಲಗೆಗೆ ತಲೆ ಚಚ್ಚಿದ, ಉಗುರು ಹಾಕಿ ಪರಚಿದ, ಮಲ್ಲಿ, ಮಲ್ಲಿ ಎಂದು ಅರಚಿದ. ಮರದ ಮೇಲೆ ಒಂದು ಗೀರೂ ಮೂಡಲಿಲ್ಲ. ಗಾಡಿ ತೋಟದ ಬಾಗಿಲ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಗಾಡಿಯೊಳಗೆ ಅದು ಕಾಲು ಚಾಚಿ ಕೂತಿತ್ತು. ಹುಡುಗಿ ಅದರ ತೊಡೆಯ ಮೇಲೆ ಕೂತು ಕೋಟಿಗೆ ಕೆನ್ನೆ ಒತ್ತಿದ್ದಳು. ಅದು ಏನೋ ಹೇಳಿತು, ಅವಳು ನಕ್ಕಳು. ಆರು ವರ್ಷದಿಂದ ಶಿವಮೂರ್ತಪ್ಪ ಬೇಡಿಕೊಂಡಿದ್ದು ಆ ನಗುವನ್ನೇ. ಗಾಡಿ ಏರಿ ಇಳಿದು ಕಾಣದಾದ ಮೇಲೂ ನಗು ಸ್ವಲ್ಪ ಹೊತ್ತು ಅವನಿಗೆ ಕೇಳಿಸುತ್ತಿತ್ತು.